ಏಡಿ ದಾಟಿದ ಬಟ್ಟೆ

ನನ್ನ ಅತ್ತಿಗೆ ಲೊಸಿವಾಲೆಯ ವಿಷಯ ಹೇಳಬೇಕೆಂದರೆ ಅವಳ ಹಟದಿಂದಲೇ ಶುರುಮಾಡಬೇಕು. ನಮ್ಮ ಸವಾಯಿ ದ್ವೀಪದಲ್ಲಿ ಹಟಮಾರಿ ಹೆಂಗಸರಿಗೇನೂ ಬರವಿಲ್ಲ, ನಾನೂ ಆ ಪೈಕಿಯೇ. ಆದರೆ ನನ್ನ ಹಟ ಬಾಯಿಯಿಂದ ಹೊರಗೆ ಹೋಗಿ ಅಲ್ಲಿಗೆ ಮುಗಿಯುತ್ತದೆ. ಅವಳದು ಒಳಗೇ ಗೂಟ ಹೊಡೆದುಕೊಂಡು ಕೂರುತ್ತದೆ.

ಅವಳು ನಾರುಬಟ್ಟೆ ಮಾಡುವವಳು. ಸಿಯಾಪೊ ಎನ್ನುತ್ತೇವೆ. ಗಿಡದ ತೊಗಟೆ ಸುಲಿದು, ಚಿಪ್ಪಿನಿಂದ ಕೆರೆದು, ಕೊಡತಿಯಿಂದ ಬಡಿದು ಬಡಿದು ಅಗಲ ಮಾಡಿ, ಒಣಗಿಸಿ, ಆಮೇಲೆ ಬಣ್ಣ. ಬಣ್ಣ ಹಾಕುವುದರಲ್ಲಿ ಎರಡು ಬಗೆ. ಕೆತ್ತಿದ ಅಚ್ಚಿನ ಹಲಗೆಯ ಮೇಲೆ ಬಟ್ಟೆ ಹಾಸಿ ಉಜ್ಜುವುದು ಒಂದು. ಹಲಗೆಯಲ್ಲಿ ಇದ್ದದ್ದು ಬಟ್ಟೆಗೆ ಬರುತ್ತದೆ. ಕೇದಗೆ ಹಣ್ಣಿನ ಒಣಗಿದ ತೊಳೆಯನ್ನು ಕುಂಚ ಮಾಡಿಕೊಂಡು ಕೈಗೆ ಬಂದಂತೆ ಬರೆಯುವುದು ಇನ್ನೊಂದು. ಲೊಸಿವಾಲೆ ಹಲಗೆಯವಳು. ಅವಳ ಬಟ್ಟೆಯಲ್ಲಿ ಒಂದು ಎಲೆಗೂ ಇನ್ನೊಂದು ಎಲೆಗೂ ಕೂದಲೆಳೆಯಷ್ಟೂ ವ್ಯತ್ಯಾಸ ಇರುತ್ತಿರಲಿಲ್ಲ. ಕೈಯಲ್ಲಿ ಬರೆಯುವವರನ್ನು ಕಂಡರೆ ಅವಳಿಗೆ ತಾತ್ಸಾರ.

"ಕೆಲಸ ಇಲ್ದೋರ ಕೆಲಸ ಅದು," ಅನ್ನುತ್ತಿದ್ದಳು. "ಏನು ಬರುತ್ತೋ ಅಂತ ಬಾಯಿ ಬಿಟ್ಕೊಂಡು ಕೂತಿರೋದು. ಹಲಗೆ ಇದ್ರೆ ಏನು ಬರುತ್ತೆ ಅಂತ ಮೊದಲೇ ಗೊತ್ತಿರುತ್ತೆ."

"ಹಾಗಾದ್ರೆ ಹಲಗೇನೇ ಮಾಡ್ಕೊಳ್ಲಿ ಬಿಡು, ನೀನ್ಯಾಕೆ ಮಧ್ಯ ಅತ್ತಿಗೆ?" ಎಂದು ನಾನು ಕಾಲೆಳೆಯುತ್ತಿದ್ದೆ.

ಇಸಾಕೊ ಅವಳ ಗಂಡ, ನನ್ನ ಅಣ್ಣ. ಎರಡು ವರ್ಷದ ಹಿಂದೆ ಒಂದು ಬೆಳಗ್ಗೆ ದೋಣಿ ಇಳಿಸಿಕೊಂಡು ಮೀನಿಗೆ ಹೋದವನು ವಾಪಸ್ ಬರಲಿಲ್ಲ. ದೋಣಿ ಮಗುಚದಂತೆ ಪಕ್ಕಕ್ಕೆ ಕಟ್ಟಿರುತ್ತಾರಲ್ಲ, ಆ ತೇಲುಮರ ಮಾತ್ರ ಪಕ್ಕದೂರಿನ ದಡಕ್ಕೆ ಬಂತು. ಊರಿನ ಗಂಡಸರೆಲ್ಲ ದಿನಗಟ್ಟಲೆ ಹುಡುಕಿದರು. ಹೆಣ ಸಿಗಲಿಲ್ಲ.

ನಮ್ಮಲ್ಲಿ ಸತ್ತವರು ದೂರ ಹೋಗುವುದಿಲ್ಲ, ಮನೆಯ ಪಕ್ಕದಲ್ಲೇ ಮಲಗಿರುತ್ತಾರೆ. ಅಪ್ಪನ ಸಮಾಧಿ ಕಟ್ಟೆಯ ಮೇಲೆ ಕೂತು ನಾವು ಕೆಸುವಿನ ಗಡ್ಡೆ ಹೆರೆಯುತ್ತೇವೆ, ಮಕ್ಕಳು ಅಲ್ಲೇ ಹರಟುತ್ತಾರೆ. ಅಪ್ಪನ ಪಕ್ಕದ ಜಾಗ ಅಣ್ಣನದು. ಹೆಣವಿಲ್ಲದಿದ್ದರೂ ಪ್ರಾರ್ಥನೆ ಮಾಡಿ ಕಲ್ಲು ಕೂರಿಸೋಣ ಎಂದು ಪಾದ್ರಿಗಳು ತಾವಾಗಿಯೇ ಹೇಳಿ ಕಳಿಸಿದರು. ಲೊಸಿವಾಲೆ ಒಪ್ಪಲಿಲ್ಲ. ಹೆಂಡತಿಯೇ ಬೇಡವೆಂದ ಮೇಲೆ ಯಾರು ಅಗೆಯುತ್ತಾರೆ?

"ಸತ್ತಿದ್ದನ್ನ ಯಾರು ನೋಡಿದ್ರು?" ಎನ್ನುವಳು. ಅಷ್ಟೇ ಮಾತು.

ಅತ್ತದ್ದನ್ನೂ ನಾನು ಕಾಣಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟೆ, ನಿನಗೆ ಅಣ್ಣ ಬೇಕಾಗಿದ್ದನೋ ಇಲ್ಲವೋ ಎಂದು. ಅವಳು ಸಿಟ್ಟಾಗಲಿಲ್ಲ. "ಅಳು ಬಂದ್ರೆ ಅಳ್ತೀನಿ ಲಾಂಗಿ. ಬರಲ್ಲ. ಒಳಗೆ ಹುಡುಕಿದ್ರೂ ಏನೂ ಸಿಗಲ್ಲ," ಎಂದಳು. ಸುಳ್ಳು ಹೇಳುವವಳಲ್ಲ ಅವಳು. ಅದಕ್ಕೇ ನನಗೆ ಇನ್ನೂ ಮೈ ಉರಿಯಿತು. ನಮ್ಮಮ್ಮನಿಗೆ ವಯಸ್ಸಾಗಿದೆ. ಮಗನನ್ನು ಮಲಗಿಸಿ ತಾನು ಮಲಗಬೇಕು ಎಂಬುದೊಂದೇ ಅವಳ ಆಸೆ. ಅದು ಈ ಹೆಂಗಸಿನ ಹಟದಿಂದ ನಿಂತುಹೋಗಿತ್ತು.

ಹೊಸ ಇಗರ್ಜಿ ತೆರೆಯುವ ಹಬ್ಬ ಬಂತು. ಮನೆಗೊಂದು ನಾರುಬಟ್ಟೆ ಎಂದು ಹೆಂಗಸರ ಸಮಿತಿ ಗೊತ್ತುಮಾಡಿತು. ಲೊಸಿವಾಲೆಯದು ಎಲ್ಲಕ್ಕಿಂತ ದೊಡ್ಡದು, ಬಲಿಪೀಠದ ಎದುರಿಗೆ ಹಾಸುವುದಕ್ಕೆ. ಅವಳು ಬಡಿದು ಅಂಟಿಸಿ ಸಿದ್ಧಮಾಡಿದ ಹೊತ್ತಿಗೆ ಮಳೆ ಹಿಡಿದುಕೊಂಡಿತು. ಬಟ್ಟೆ ಒಣಗಲೊಲ್ಲದು. ಮಳೆ ಬಿಟ್ಟ ಬೆಳಗ್ಗೆ ನಮ್ಮ ಅಂಗಳವೆಲ್ಲ ಕೆಸರು, ಬಿಸಿಲು ಚೆನ್ನಾಗಿ ಬೀಳುತ್ತಿದ್ದುದು ಮನೆಯ ಕೆಳಗಿನ ಮರಳಿನ ದಡದಲ್ಲಿ ಮಾತ್ರ. ಅವಳು ಬಟ್ಟೆ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅಲ್ಲಿಗೇ ಹೊರಟಳು.

ನಾನು ದಾರಿಗೆ ಅಡ್ಡ ನಿಂತೆ. ಅದಕ್ಕೆ ಕಾರಣವಿದೆ. ಹಳಬರ ಕಾಲದಲ್ಲಿ, ಸಮುದ್ರದಲ್ಲಿ ಕಳೆದುಹೋದವನ ಮನೆಯವರು ದಡದಲ್ಲಿ ಬಿಳಿ ನಾರುಬಟ್ಟೆ ಹಾಸಿ ಅವನನ್ನು ಕರೆಯುತ್ತ ಕೂರುತ್ತಿದ್ದರು. ಬಟ್ಟೆಯ ಮೇಲೆ ಮೊದಲು ಹತ್ತಿದ ಜೀವ, ಇರುವೆಯೋ ಮಿಡತೆಯೋ, ಅದೇ ಅವನು. ಅದನ್ನು ಅದೇ ಬಟ್ಟೆಯಲ್ಲಿ ಸುತ್ತಿ ತಂದು ಮನೆಯ ಪಕ್ಕ ಹೂಳುತ್ತಿದ್ದರು. ಈಗ ಯಾರೂ ಮಾಡುವುದಿಲ್ಲ, ಪಾದ್ರಿಗಳಿಗೆ ಹಿಡಿಸುವುದಿಲ್ಲ. ಆದರೂ ನೀರಿನಲ್ಲಿ ಗಂಡಸನ್ನು ಕಳೆದುಕೊಂಡ ಮನೆಯವರು ದಡದಲ್ಲಿ ಬಿಳಿ ಬಟ್ಟೆ ಹಾಸುವುದಿಲ್ಲ. ಹಾಸಿದರೆ ಕರೆದ ಹಾಗೆ.

"ಅಲ್ಲಿ ಹಾಸ್ತೀಯಾ? ನೋಡಿದೋರು ಏನಂತಾರೆ?" ಎಂದೆ.

"ಒಣಗ್ತಿದೆ ಅಂತಾರೆ."

"ಕರೀತಿದಾಳೆ ಅಂತಾರೆ."

"ಸತ್ತೋರನ್ನ ತಾನೆ ಕರೆಯೋದು? ನಮ್ಮನೇಲಿ ಯಾರೂ ಸತ್ತಿಲ್ಲ. ಸರಿ, ದಾರಿ ಬಿಡು," ಎಂದು ನನ್ನನ್ನು ತಳ್ಳಿಕೊಂಡೇ ಹೋದಳು.

ಹಾಸಿದಳು. ಸುತ್ತ ಕಲ್ಲು ಹೇರಿದಳು. ಸುಮ್ಮನೆ ಕೂರುವುದು ಅವಳ ಜಾಯಮಾನದಲ್ಲೇ ಇಲ್ಲ, ಒಣಗುವಷ್ಟರಲ್ಲಿ ಅಂಚಿನ ಗೆರೆ ಎಳೆದುಬಿಡೋಣವೆಂದು ತೆಂಗಿನ ಕರಟಗಳಲ್ಲಿ ಕಂದು ಬಣ್ಣ, ಕಾಡಿಗೆ, ಅರಿಶಿನ, ಜೊತೆಗೆ ಗೆರೆಗೊಂದು ಕುಂಚ ತಂದಿಟ್ಟುಕೊಂಡಳು. ನಾನೂ ಅಮ್ಮನೂ ಮೇಲೆ ಮನೆಯಲ್ಲಿ ತೊಗಟೆ ಕೆರೆಯುತ್ತಿದ್ದೆವು. ನಮ್ಮ ಮನೆಗಳಿಗೆ ಗೋಡೆಯಿಲ್ಲ, ಕೂತಲ್ಲಿಂದಲೇ ದಡವೆಲ್ಲ ಕಾಣುತ್ತದೆ.

ಮರಳಿನಿಂದ ಒಂದು ಏಡಿ ಎದ್ದಿತು. ಬಿಳಿಚಿಕೊಂಡ ಸಣ್ಣ ಮರಳೇಡಿ, ದಿನಕ್ಕೆ ನೂರು ಕಾಣುತ್ತೇವೆ. ಅದು ಓಡುವ ಭರದಲ್ಲಿ ಕಂದು ಬಣ್ಣದ ಕರಟಕ್ಕೆ ಬಿದ್ದು, ಎದ್ದು, ಬಟ್ಟೆಯ ಮೇಲೆ ಅಡ್ಡಡ್ಡ ಓಡಿತು. ನಡುವಿಗೆ ಬಂದು ನಿಂತುಬಿಟ್ಟಿತು. ಅಷ್ಟು ಬಿಳಿ ಬಟ್ಟೆಯ ಮೇಲೆ ಸಾಲು ಸಾಲು ಕಂದು ಚುಕ್ಕಿ. ಆ ಬಣ್ಣ ತೊಳೆದರೆ ಹೋಗುವಂಥದಲ್ಲ. ಲೊಸಿವಾಲೆ ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡಳು.

ಪಕ್ಕದಲ್ಲಿ ನೋಡಿದರೆ ಅಮ್ಮ ಇಲ್ಲ. ಮಂಡಿ ನೋವೆಂದು ಸ್ನಾನಕ್ಕೂ ಹಿಡಿದುಕೊಂಡು ಹೋಗಬೇಕಾದ ನಮ್ಮಮ್ಮ ಆಗಲೇ ಅರ್ಧ ದಡ ಇಳಿದಿದ್ದಳು.

"ಲೊಸಿ, ತಡಿ. ಮುಟ್ಬೇಡ."

ಏಡಿ ಓಡಲಿಲ್ಲ. ಅಮ್ಮ ಹತ್ತಿರ ಹೋದರೂ ಓಡಲಿಲ್ಲ. ಅವಳು ಕಷ್ಟಪಟ್ಟು ಬಾಗಿ ಒಂದು ಖಾಲಿ ಕರಟ ಅದರ ಮೇಲೆ ಬೋರಲು ಹಾಕಿದಳು. ಆಮೇಲೆ ಸೊಸೆಯ ಮುಖ ನೋಡಿ ಹೇಳಿದಳು: "ಬಂದಿದಾನೆ. ಸುತ್ತಿ ಕೊಡು."

ನಾನೂ ತೊಗಟೆ ಬಿಟ್ಟು ದಡಕ್ಕೆ ಇಳಿದೆ.

"ಅದು ಏಡಿ ಅತ್ತೆ," ಎಂದಳು ಲೊಸಿವಾಲೆ.

"ಹೂಂ, ಏಡಿ. ಸುತ್ತಿ ಕೊಡು."

"ಬಟ್ಟೆ ಕೆಟ್ಟೋಯ್ತು. ನಾಡಿದ್ದು ಕೊಡ್ಬೇಕು. ಸರಿಮಾಡ್ತೀನಿ ಮೊದಲು." ಹಾಗೆಂದು ಅವಳು ಚಪ್ಪಲಿ ಬಿಸಾಕಿ ಕುಂಚ ತೆಗೆದುಕೊಂಡಳು.

ಅವಳ ಲೆಕ್ಕಾಚಾರ ಇಷ್ಟೇ. ದಡದಲ್ಲಿ ಓಡಾಡುವ ತುಲಿ ಹಕ್ಕಿಯ ಹೆಜ್ಜೆ ನಮ್ಮ ಹಳೆಯ ಚಿತ್ತಾರ, ಮೂರು ಗೀರು ಎಳೆದರೆ ಮುಗಿಯಿತು. ಏಡಿಯ ಒಂದೊಂದು ಚುಕ್ಕಿಯನ್ನೂ ಹಕ್ಕಿಯ ಹೆಜ್ಜೆ ಮಾಡಿ ಕಲೆ ಮುಚ್ಚಿಬಿಡುವುದು. ಹಾಗೇ ಶುರುಮಾಡಿದಳು ಕೂಡ. ಹೆಜ್ಜೆಗಳನ್ನು ಏಡಿ ಮುಚ್ಚಿದ ಕರಟದವರೆಗೂ ಎಳೆದು ತಂದಳು. ಅಲ್ಲಿಗೆ ಕೆಲಸ ಮುಗಿದಿತ್ತು. ಕುಂಚ ಎತ್ತಬೇಕಾಗಿತ್ತು. ಎತ್ತಲಿಲ್ಲ.

ಕೊನೆಯ ಹೆಜ್ಜೆಯಿಂದ ಒಂದು ಗೆರೆ ಹೊರಟಿತು. ಅದು ಬಾಗಿತು, ಅಲೆಯಾಯಿತು, ಅಲೆಯ ಮೇಲೆ ಅಲೆ ಬಂತು. ಅವಳು ಯೋಚಿಸಲಿಲ್ಲ, ಅಳೆಯಲಿಲ್ಲ, ಹಿಂದೆ ಸರಿದು ನೋಡಲಿಲ್ಲ. ಕೈ ಮುಂದೆ ಹೋಗುತ್ತಿತ್ತು, ಅವಳು ಮಂಡಿಯೂರಿಕೊಂಡು ಅದರ ಹಿಂದೆ ಹೋಗುತ್ತಿದ್ದಳು. ಒಂದು ಹುಚ್ಚು ಗಾಳಿಗೆ ಸಿಕ್ಕಿದಂಥ ದೀವಿಹಲಸಿನ ಎಲೆಗಳು ಬಂದವು, ಒಂದರ ಹಾಗೆ ಇನ್ನೊಂದಿಲ್ಲ. ಅರಿಶಿನದಲ್ಲಿ ಅದ್ದಿ ಮೀನುಗಳನ್ನು ಬರೆದಳು, ಅವುಗಳ ಮೇಲೇ ಕಾಡಿಗೆಯಲ್ಲಿ ಮತ್ತೆ ಅಲೆ ಬರೆದಳು. ಕುಂಚ ಸವೆದು ಹಿಂಜಿಹೋಯಿತು. ಅದನ್ನು ಎಸೆದು ಬೆರಳಿನಲ್ಲಿ ಬರೆದಳು. ಇಷ್ಟು ವರ್ಷ ಒಂದೇ ಮನೆಯಲ್ಲಿ ಉಂಡು ಮಲಗಿದ ನನಗೆ ಈ ಹೆಂಗಸು ಯಾರೆಂದೇ ಗೊತ್ತಿರಲಿಲ್ಲ.

ಮಧ್ಯಾಹ್ನ ಅವಳು ಬಲೆ ಬರೆಯತೊಡಗಿದಳು. ನಾನು ಎಳನೀರು ಕೊಡಲು ಹತ್ತಿರ ಹೋದವಳು ಅಲ್ಲೇ ನಿಂತೆ. ನಮ್ಮಣ್ಣ ಎಡಗೈಯವನು. ಅವನು ಹೆಣೆದ ಬಲೆಯಲ್ಲಿ ಗಂಟುಗಳೆಲ್ಲ ಎಲ್ಲರದಕ್ಕಿಂತ ಉಲ್ಟಾ ಬೀಳುತ್ತಿದ್ದವು. ಅದಕ್ಕಾಗಿ ಅವಳು ಅವನನ್ನು ಬೈದದ್ದೆಷ್ಟು, ನಾನು ನಕ್ಕದ್ದೆಷ್ಟು. ಈಗ ಅವಳ ಬಲಗೈಯಿಂದ ಆ ಗಂಟುಗಳು ಒಂದಾದ ಮೇಲೊಂದು ಉಲ್ಟಾ ಬೀಳುತ್ತಿದ್ದವು. ನೋಡಿಕೊಂಡು ಬರೆಯಲು ಅವಳ ಮುಂದೆ ಏನೂ ಇರಲಿಲ್ಲ. ಎಳನೀರನ್ನು ಅವಳ ಪಕ್ಕದ ಮರಳಲ್ಲಿ ಊರಿಟ್ಟೆ. ಅವಳು ಗಮನಿಸಲೇ ಇಲ್ಲ.

ಸಂಜೆಯ ಪ್ರಾರ್ಥನೆಗೆ ಶಂಖ ಊದಿದರು. ಆ ಹೊತ್ತಿನಲ್ಲಿ ಹೊರಗೆ ಯಾರೂ ಇರಕೂಡದು. ದಾರಿಯುದ್ದಕ್ಕೂ ಕಾವಲಿನ ಗಂಡಸರು ನಿಲ್ಲುತ್ತಾರೆ, ಓಡಾಡಿದವರ ಮನೆಗೆ ದಂಡ ಬೀಳುತ್ತದೆ. ನಾನು ಓಡಿಹೋಗಿ ಏಳು ಅತ್ತಿಗೆ ಎಂದೆ. ಕೇಳಿಸಲಿಲ್ಲ. ಕಾವಲಿನವರು ಗದರಿಸಲೆಂದೇ ದಡಕ್ಕೆ ಇಳಿದು ಬಂದರು. ಬಂದವರು ಬಟ್ಟೆಯನ್ನು ನೋಡಿದರು. ಬಾಯಿಬಡುಕ ಗಂಡಸರು ಅವರೆಲ್ಲ, ಗದರಿಸುವುದನ್ನೇ ಮರೆತರು. ಇಗರ್ಜಿಯಲ್ಲಿ ಕೂರುವಂತೆ ಮರಳಿನ ಮೇಲೆ ಕಾಲು ಮಡಚಿ ಕೂತುಬಿಟ್ಟರು.

ಬೆಳಕು ಹೋಗುವಷ್ಟರಲ್ಲಿ ಅವಳ ಕೈ ನಿಂತಿತು. ಊರಿನಲ್ಲಿ ಅಂಥ ಬಟ್ಟೆಯನ್ನು ಯಾರೂ ಮಾಡಿರಲಿಲ್ಲ. ಅಮ್ಮನೇ ಹಾಗೆಂದಳು, ಅವಳಿಗಿಂತ ಹೆಚ್ಚು ನೋಡಿದವರು ಯಾರೂ ಉಳಿದಿಲ್ಲ.

ಸುದ್ದಿ ಕೇಳಿ ಬೆಳಗ್ಗೆಯೇ ಪಾದ್ರಿಗಳ ಹೆಂಡತಿ, ನಮ್ಮ ಪಾದ್ರಿಯಮ್ಮ ಬಂದರು. ಬಟ್ಟೆಯ ಸುತ್ತ ನಡೆದು, ಮತ್ತೆ ನಡೆದು, ಕಣ್ಣೊರೆಸಿಕೊಂಡರು. "ಇದನ್ನ ಹಾಸೋದು ಬೇಡ ಲೊಸಿವಾಲೆ, ಕಾಲಲ್ಲಿ ತುಳೀತಾರೆ. ಬಲಿಪೀಠದ ಹಿಂದೆ ತೂಗುಹಾಕೋಣ. ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ."

"ಇಗರ್ಜಿಗೆ ಹಲಗೆ ಬಟ್ಟೆ ಕೊಡ್ತೀನಮ್ಮ, ಮೊದಲು ಮಾಡಿದ್ದು ಒಂದಿದೆ," ಎಂದಳು ಲೊಸಿವಾಲೆ. "ಇದು ಇಸಾಕೊಂದು."

ಆಮೇಲೆ ನಮ್ಮಮ್ಮನ ಕಡೆ ತಿರುಗಿ ಕೇಳಿದಳು: "ಮಾವನ ಯಾವ ಪಕ್ಕಕ್ಕೆ ಅತ್ತೆ?"

ಎರಡು ವರ್ಷ ನಾನು ಬಾಯಿ ಬಡಿದುಕೊಂಡದ್ದು ಈ ಮಾತಿಗಾಗಿ. ಈಗ ಗುಂಡಿ ತೋಡಿದ ಮೇಲೆ, ಅವಳು ಆ ಬಟ್ಟೆಯನ್ನು ಏಡಿ ಇದ್ದ ಕರಟದ ಸುತ್ತ ಮಡಚತೊಡಗಿದಾಗ, ನನಗೇ ತಡೆಯಲಾಗಲಿಲ್ಲ. ಹೋಗಿ ಒಂದು ಅಂಚನ್ನು ಬಿಗಿಯಾಗಿ ಹಿಡಿದುಕೊಂಡೆ.

"ಮಣ್ಣಲ್ಲಿ ಕೊಳೆಯುತ್ತೆ ಅತ್ತಿಗೆ. ಬೇರೆ ಬಟ್ಟೇಲಿ ಸುತ್ತೋಣ. ಇದು ಬೇಡ. ನಿನ್ನ ಕೈಯಿಂದ ಮತ್ತೆ ಬರೋದಲ್ಲ ಇದು."

"ಬಿಡು."

"ಬಿಡಲ್ಲ."

"ಲಾಂಗಿ, ನಿಮ್ಮಣ್ಣ ಹತ್ತಿದ್ದು ಈ ಬಟ್ಟೆಗೆ," ಎಂದಳು. ದನಿ ಏರಿಸಲಿಲ್ಲ. ನನ್ನ ಬೆರಳುಗಳನ್ನು ತಾನೇ ಒಂದೊಂದಾಗಿ ಬಿಡಿಸಿದಳು.

ಪಾದ್ರಿಗಳು ಬಂದರು. ಏಡಿಯನ್ನು ಹೂಳುತ್ತಾರೆಂದು ಅವರಿಗೆ ಗೊತ್ತು, ಗೊತ್ತಿಲ್ಲದ ಹಾಗೆ ಇರಬೇಕೆಂದೂ ಗೊತ್ತು. ಮೊದಲಿಂದ ಕೊನೆಯವರೆಗೂ ಆಕಾಶ ನೋಡಿಕೊಂಡೇ ಪ್ರಾರ್ಥನೆ ಮುಗಿಸಿದರು. ಏಡಿಗೇನೂ ಅನ್ಯಾಯವಾಗಲಿಲ್ಲ ಬಿಡಿ, ನೆಲದೊಳಗೆ ದಾರಿ ಮಾಡಿಕೊಂಡು ಬದುಕುವ ಪ್ರಾಣಿ ಅದು. ಅಮ್ಮ ಮೊದಲ ಹಿಡಿ ಮಣ್ಣು ಹಾಕಿ, ಅಪ್ಪನ ಕಟ್ಟೆಗೆ ಒರಗಿ ಕೂತು, ಮಗನನ್ನು ಹೆಸರು ಹಿಡಿದು ಕರೆದು ಮನಸ್ಸು ಬಿಚ್ಚಿ ಅತ್ತಳು. ನಾನೂ ಅತ್ತೆ. ಲೊಸಿವಾಲೆ ಮಾತ್ರ ಅಳಲಿಲ್ಲ. ಬಂದವರಿಗೆಲ್ಲ ಕೋಕೋ ಕಾಯಿಸಿ ಕೊಟ್ಟಳು.

ಮಧ್ಯಾಹ್ನ ಎಲ್ಲರೂ ಹೋದ ಮೇಲೆ ಅಮ್ಮ ನಿದ್ದೆ ಹೋದಳು. ನಾವಿಬ್ಬರೇ ಚಾಪೆಯ ಮೇಲೆ ಕೂತಿದ್ದೆವು. ಅವಳ ಉಗುರಿನ ಸಂದಿಯಲ್ಲಿ ಕಾಡಿಗೆ ಹಾಗೇ ಇತ್ತು.

"ನಾನು ಏನು ಬರೆದೆ ಲಾಂಗಿ?" ಎಂದು ಕೇಳಿದಳು.

ಛೇಡಿಸುತ್ತಿದ್ದಾಳೆಂದುಕೊಂಡೆ. ಮುಖ ನೋಡಿದರೆ ಹಾಗಿರಲಿಲ್ಲ.

"ಹಕ್ಕಿ ಹೆಜ್ಜೆ ಬರೆದದ್ದು ನೆನಪಿದೆ. ಆಮೇಲೆ ಗೊತ್ತಿಲ್ಲ. ಸುತ್ತೋವಾಗ ನೋಡಿದ್ರೆ ಕೈ ನಿಂತುಬಿಡುತ್ತೆ ಅಂತ ನೋಡ್ಲಿಲ್ಲ. ನೀನು ನೋಡಿದೀಯಲ್ಲ, ಹೇಳು."

ಹೇಳಿದೆ. ಅಲೆ ಹೇಳಿದೆ, ಗಾಳಿಗೆ ಸಿಕ್ಕ ಎಲೆ ಹೇಳಿದೆ, ಮೀನು ಹೇಳಿದೆ. "ಬಲೆ ಬರೆದೆ. ಗಂಟೆಲ್ಲ ಉಲ್ಟಾ."

"ಉಲ್ಟಾನಾ?"

"ಎಲ್ಲಾನೂ."

"ಅಯ್ಯೋ ನನ್ನ ಕರ್ಮವೇ," ಎಂದು ನಕ್ಕಳು. "ಆಮೇಲೆ?"

"ಆಮೇಲೆ ಒಂದು ಕಡೆ ಏನೂ ಬರೀಲಿಲ್ಲ. ಸುತ್ತ ಎಲ್ಲಾ ತುಂಬಿಸಿದೀಯ, ಅಷ್ಟು ಜಾಗ ಮಾತ್ರ ಬಿಳೀನೇ ಬಿಟ್ಟೆ. ಕಾವಲಿನೋರೂ ಅದನ್ನೇ ಮಾತಾಡ್ಕೊಂಡ್ರು. ಬಣ್ಣ ಸಾಲ್ಲಿಲ್ವಾ?"

"ಬಣ್ಣ ಇತ್ತು. ಎಷ್ಟು ಜಾಗ?"

ಕೈಯಲ್ಲಿ ತೋರಿಸಲು ಹೋದೆ, ಕೈ ಸಾಲಲಿಲ್ಲ. ಅದಕ್ಕೆ ಅವಳ ಪಕ್ಕದಲ್ಲೇ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ತೋರಿಸಿದೆ. "ಇಷ್ಟು ಉದ್ದ. ಇಷ್ಟು ಅಗಲ."

ಅವಳು ನನ್ನನ್ನು ತಲೆಯಿಂದ ಕಾಲಿನವರೆಗೂ ನೋಡಿದಳು. ನನಗೂ ಅಣ್ಣನಿಗೂ ಒಂದೇ ಎತ್ತರ, ಒಂದೇ ಅಗಲದ ಭುಜ.

"ಅದು ಅವನ ಕಡೆ," ಎಂದಳು. "ಚಾಪೇಲಿ ಅವನು ಮಲಗೋ ಕಡೆ. ಅವನು ಹೋದಾಗಿಂದ ನಾನು ಆ ಕಡೆಗೆ ಒಂದ್ಸಲಾನೂ ಹೊರಳಿಲ್ಲ ಲಾಂಗಿ."

ಅಷ್ಟು ಹೇಳುವಷ್ಟರಲ್ಲಿ ಅಳು ಬಂತು. ಅಮ್ಮ ಬೆಚ್ಚಿ ಎದ್ದು ಕೂತಳು, ಪಕ್ಕದ ಮನೆಯವರು ಮಾಡುತ್ತಿದ್ದ ಕೆಲಸ ಬಿಟ್ಟು ಇತ್ತ ತಿರುಗಿದರು. ನಾನು ಏಳಲು ಹೋದೆ. ಅವಳು ನನ್ನ ತೋಳು ಹಿಡಿದು ಬಿಡಲಿಲ್ಲ. ಹಾಗಾಗಿ ಅಣ್ಣನ ಜಾಗದಲ್ಲಿ ಹಾಗೇ ಮಲಗಿದ್ದೆ, ಅವಳು ನನ್ನ ಕಡೆಗೆ ಹೊರಳಿ ಅಳು ಮುಗಿಯುವವರೆಗೂ.