ಬನ್ನಿಯ ನೆರಳಲ್ಲಿ ತೆಗೆದ ಅಳತೆ

ಮೈಸೂರಿನಲ್ಲಿ ನಕ್ಷೆ ಬರೆಯಲು ಕಲಿತ ದೊರೆಸ್ವಾಮಿ ಒಮಾನಿಗೆ ಬಂದು ಹದಿನಾಲ್ಕು ವರ್ಷಗಳಾಗಿದ್ದವು. 2006ರಲ್ಲಿ ಅವರಿಗೆ ಸಿಕ್ಕ ಕೆಲಸ, ಸೂರ್‌ನಿಂದಾಚೆಯ ರಕ್ಷಿತ ಮರುಭೂಮಿಯಲ್ಲಿ ಬಳ್ಳಾರಿ ಜಾಲಿ ಎಲ್ಲೆಲ್ಲಿ ಹಬ್ಬಿದೆಯೆಂದು ಗುರುತಿಸುವುದು. ಹೊರಗಿನಿಂದ ಬಂದ ಈ ಜಾಲಿ ಅಲ್ಲಿಯ ಗಾಫ್ ಮರಗಳ ನೀರನ್ನೆಲ್ಲ ಹೀರುತ್ತಿತ್ತು. ಗಾಫ್ ಎಂದರೆ ನಮ್ಮ ಬನ್ನಿಯೇ. ಮೊದಲ ದಿನವೇ ದೊರೆಸ್ವಾಮಿ ಚಪ್ಪಲಿ ಕಳಚಿ, ಮರ ಮುಟ್ಟಿ ಕಣ್ಣಿಗೊತ್ತಿಕೊಂಡರು.

"ಇಲ್ಲಿಯೂ ದಸರಾ ಮಾಡ್ತೀರಾ ಮಾರಾಯ್ರೆ?" ಎಂದು ಡ್ರೈವರ್ ಸಂಕಪ್ಪ ನಕ್ಕ.

ಜಾಲಿಯ ಮೆಳೆಯೊಳಗೆ ಕಾಲಿಡುವಂತಿರಲಿಲ್ಲ. ಮುಳ್ಳು ಬೂಟನ್ನೂ ತೂರುತ್ತಿತ್ತು. ದೊರೆಸ್ವಾಮಿ ಪಕ್ಕದ ಬನ್ನಿಯ ನೆರಳಲ್ಲಿ, ಬರಿಗಾಲಲ್ಲಿ ನಿಂತು ಜಿಪಿಎಸ್ ಒತ್ತುತ್ತಿದ್ದರು. ಹತ್ತು ಹೆಜ್ಜೆಯ ವ್ಯತ್ಯಾಸ ನಕ್ಷೆಯಲ್ಲಿ ಕಾಣುವುದೂ ಇಲ್ಲ ಎಂದುಕೊಂಡಿದ್ದರು.

ಮುಂದಿನ ಮೇ ತಿಂಗಳ ಒಂದು ಗುರುವಾರ, ಶುಕ್ರವಾರದ ವಾರದ ರಜೆಗೆಂದು ಕಚೇರಿ ಮಧ್ಯಾಹ್ನಕ್ಕೇ ಮುಚ್ಚುವ ಹೊತ್ತಿಗೆ ಸಂಕಪ್ಪನ ಫೋನ್ ಬಂತು. ದೊರೆಸ್ವಾಮಿ ಗುರುತಿಸಿದ ಜಾಲಿಯನ್ನು ಕಡಿಯಲು ಹೋಗಿದ್ದವರಿಗೆ ಅವನು ಊಟ ಒಯ್ದಿದ್ದ.

"ಸಾರ್, ಇವರು ಜಾಲಿ ಬಿಟ್ಟು ನೀವು ಕೈ ಮುಗಿಯುವ ಮರ ಕಡಿತಾ ಇದ್ದಾರಲ್ಲ! ಇನ್ನು ಹದಿನೈದು ಉಳಿದಿರಬಹುದು."

ದೊರೆಸ್ವಾಮಿಗೆ ಎಲ್ಲ ಹೊಳೆಯಿತು. ಮೇಸ್ತ್ರಿ ರಹ್ಮತ್‌ಗೆ ಫೋನ್ ಕೊಡಿಸಿದರು.

"ನಿಲ್ಸಪ್ಪಾ, ತಪ್ಪು ನಂದು. ಆ ಗುರುತೆಲ್ಲ ನಾನು ನಿಂತಿದ್ದ ಜಾಗದ್ದು."

"ಆಫೀಸಿನ ಕಾಗದ ಕೊಡಿ ಸಾರ್, ನಿಲ್ಲಿಸುವ. ಮಿಶಿನ್ ತೋರಿಸಿದ ಮರ ಕಡಿ ಅಂತ ನಂಗೆ ಹೇಳಿದ್ದು. ಎರಡಕ್ಕೂ ಮುಳ್ಳುಂಟು. ನಂಗೆಂತ ಗೊತ್ತು?"

ಸಹಿ ಹಾಕಬೇಕಾದ ಅಧಿಕಾರಿ ರಜೆಯಲ್ಲಿ, ಫೋನ್ ಎತ್ತಲಿಲ್ಲ. ಅಲ್ ಅಮೇರಾತ್‌ನ ಮನೆಯಲ್ಲಿ ಊಟಕ್ಕೆ ಕಾಯುತ್ತಿದ್ದ ಹೆಂಡತಿ ನೀರಜಾಗೆ ತಿಳಿಸಲೂ ಮರೆತು ದೊರೆಸ್ವಾಮಿ ಕಾರು ಹತ್ತಿದರು. ಆ ಹದಿನೈದಾದರೂ ಉಳಿಯಲಿ ಎಂಬುದೊಂದೇ ಆಸೆ ದಾರಿಯುದ್ದಕ್ಕೂ.

ತಲುಪಿದಾಗ ಬಿಸಿಲು ಇನ್ನೂ ಸುಡುತ್ತಿತ್ತು. ಗರಗಸಗಳು ಸುಮ್ಮನಾಗಿದ್ದವು.

"ಖಲಾಸ್ ಸಾರ್," ಎಂದ ರಹ್ಮತ್, ಮುಖ ನೋಡದೆ. ಮತ್ತೆ ಚಿಗುರದಂತೆ ಬುಡಗಳಿಗೆಲ್ಲ ವಿಷ ಬಳಿದಾಗಿತ್ತು.

ಅಲ್ಲಿ ಆಡು ಮೇಯಿಸುವ ಮುದುಕನೊಬ್ಬ, ದೊರೆಸ್ವಾಮಿ ಬನ್ನಿಗೆ ಕೈ ಮುಗಿಯುವುದನ್ನು ಹಿಂದೆ ಕಂಡವನು, ಹತ್ತಿರ ಬಂದು ಅವರ ಕೈ ಹಿಡಿದ.

"ನೀನು ಈ ಮರಗಳನ್ನು ಪ್ರೀತಿಸುವವನು. ಇವರಿಗೆ ಇದನ್ನು ಯಾರು ತೋರಿಸಿಕೊಟ್ಟರು?" ಎಂದು ಅರಬಿಯಲ್ಲಿ ಕೇಳಿದ.

"ನಾನೇ."

ಮುದುಕ ಮೆಲ್ಲಗೆ ಕೈ ಬಿಟ್ಟ. ಆಮೇಲೆ ಆಡುಗಳನ್ನು ಅಟ್ಟಿಕೊಂಡು ಜಾಲಿಯ ಮೆಳೆಯ ಕಡೆಗೆ ನಡೆದ, ಬೇರೆ ನೆರಳಿರಲಿಲ್ಲ. ಆಡುಗಳು ಉದುರಿದ ಜಾಲಿಕಾಯಿಗಳನ್ನು ಮೆಲ್ಲತೊಡಗಿದವು. ಅವು ಹಿಕ್ಕೆ ಹಾಕಿದಲ್ಲೆಲ್ಲ ಮುಂದಿನ ಮಳೆಗೆ ಜಾಲಿ ಹುಟ್ಟುತ್ತದೆಂದು ಅಲ್ಲಿದ್ದವರಲ್ಲಿ ದೊರೆಸ್ವಾಮಿಗೆ ಮಾತ್ರ ಗೊತ್ತಿತ್ತು.