ಅಟ್ಟದ ಮೇಲಿನ ಅರ್ಧ ಮಗ್ಗಿ

ಇಂದು ಮಧ್ಯಾಹ್ನ ನಮ್ಮೂರ ಕಡೆಯವರೊಬ್ಬರು ಕೊಪ್ಪಳಕ್ಕೆ ಸಂತೆಗೆಂದು ಬಂದವರು, ನಮ್ಮ ಮನೆ ಬಾಗಿಲಲ್ಲಿ ನಿಂತು ಒಂದು ಬಟ್ಟೆಯ ಗಂಟು ಕೊಟ್ಟು ಹೋದರು. ಬಿಚ್ಚುವ ಮೊದಲೇ ಗೊತ್ತಾಯಿತು, ಸೀತನಿ. ಹಾಲುಗಾಳು ತುಂಬಿದ ಜೋಳದ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು ಬಿಡಿಸಿದ ಹಸಿರು ಕಾಳು. ತಿಂದವರಿಗೆ ಅದರ ರುಚಿ ಹೇಳಬೇಕಾಗಿಲ್ಲ, ತಿನ್ನದವರಿಗೆ ಹೇಳಿ ಪ್ರಯೋಜನವಿಲ್ಲ. ನನ್ನ ಹಲ್ಲುಗಳು ಒಂದೊಂದಾಗಿ ಸಂಬಂಧ ಕಡಿದುಕೊಂಡು ಬಹಳ ದಿನವಾಯಿತು. ಮೂಸುವುದಕ್ಕೆ ಹಲ್ಲು ಬೇಡವಲ್ಲ, ಗಂಟನ್ನು ಮೂಗಿಗೆ ಹಿಡಿದೆ. ಹಿಡಿದದ್ದೇ ತಡ, "ಏಳೊಂದ್ಲೆ ಏಳು" ಎಂದು ಬಾಯಿ ತಾನೇ ಹೇಳಿತು. ಹೇಳಿ ಸುಮ್ಮನಾಯಿತು.

ಅಡುಗೆಮನೆಯಿಂದ ಸೊಸೆ ಇಣುಕಿದಳು. "ಏನಂದ್ರಿ ಅತ್ತೀ?"

"ಏನಿಲ್ಲವ್ವ," ಎಂದೆ. ಏನಿಲ್ಲ ಎಂದದ್ದು ಸುಳ್ಳು. ನೀವು ಸ್ವಲ್ಪ ಹೊತ್ತು ಕೂತರೆ ನಿಜ ಹೇಳುತ್ತೇನೆ.

ಅದು ನಿಜಾಮರ ಕಾಲ. ಯಲಬುರ್ಗಿ ಸೀಮೆಯ ಎರೆಹೊಲಗಳ ನಡುವೆ ನಮ್ಮ ಸಣ್ಣ ಊರು. ಊರ ಚಾವಡಿಗೆ ಆತುಕೊಂಡ ಒಂದು ಪಡಸಾಲೆಯೇ ನಮ್ಮ ಶಾಲೆ. ಮೊದಲಿದ್ದ ಮಾಸ್ತರರಿಗೆ ಪಾಠಕ್ಕಿಂತ ಹುಣಸೆ ಬರಲಿನ ಮೇಲೆ ಹೆಚ್ಚು ನಂಬಿಕೆ. ಬೆಳಗ್ಗೆ ಬಂದ ಕೂಡಲೇ ಯಾರಾದರೊಬ್ಬರಿಗೆ ಎರಡು ಬಿಗಿದರೆ ಉಳಿದವರೆಲ್ಲ ಸಂಜೆವರೆಗೆ ಸರಿಯಾಗಿರುತ್ತಾರೆ ಎಂಬುದು ಅವರ ಶಿಕ್ಷಣ ಶಾಸ್ತ್ರ. ನಾವೂ ಕಣ್ಣು ಮುಚ್ಚಿ, ಅರ್ಥವಾಗದ ಉರ್ದುವನ್ನೂ ಅರ್ಥವಾಗಬೇಕಾಗಿದ್ದ ಕನ್ನಡವನ್ನೂ ಒಂದೇ ರಾಗದಲ್ಲಿ ಒದರುತ್ತಿದ್ದೆವು. ಹಾಡಿದ್ದೇ ಹಾಡೋ ಕಿಸಬಾಯಿ ದಾಸ.

ಅವರಿಗೆ ವರ್ಗವಾಗಿ ಬುಡನಸಾಬ ಮಾಸ್ತರರು ಬಂದರು. ಸಣಕಲು ಆಳು, ಕಂಕುಳಲ್ಲಿ ಕೊಡೆ, ಕುಷ್ಟಗಿ ಕಡೆಯ ಮಾತು. ಮೊದಲ ದಿನವೇ ಹುಣಸೆ ಬರಲನ್ನು ಮುರಿದು ಒಲೆಗೆ ಹಾಕಿ ಚಹಾ ಕಾಸಿಕೊಂಡರು. ಹಾಜರಿ ಕರೆಯುವಾಗ ಹೆಸರಿನ ಜೊತೆಗೆ ಇನ್ನೊಂದು ಪ್ರಶ್ನೆ ಇರುತ್ತಿತ್ತು. "ಉಂಡು ಬಂದೀಯೇನು?" ಇಲ್ಲ ಎಂದವರನ್ನು ಮನೆಗೆ ಕಳಿಸುವರು, ಇಲ್ಲವೇ ತಮ್ಮ ಬುತ್ತಿಯ ರೊಟ್ಟಿ ಮುರಿದುಕೊಡುವರು. ಊರ ಹಿರಿಯರೊಬ್ಬರು, "ಮಾಸ್ತರ, ಬಡೀಲಿಲ್ಲಂದ್ರ ಹುಡುಗ್ರು ಹೆಂಗ ಕಲೀತಾವ್ರಿ?" ಎಂದು ಕೇಳಿದರು. ಮಾಸ್ತರರು ಯೋಚಿಸಿ ಹೇಳಿದ ಮಾತು ನನಗೆ ಇನ್ನೂ ನೆನಪಿದೆ. "ಯಜಮಾನ್ರ, ಹೆದರಿದ ಹುಡುಗಗ ನಾ ಹೇಳಿದ್ದು ಕೇಳಸ್ತೈತ್ರಿ, ತಿಳಿಯಂಗಿಲ್ಲ."

ಎಲ್ಲ ಚೆನ್ನಾಗಿಯೇ ನಡೆದಿತ್ತು, ಜೋಳ ಹಾಲು ತುಂಬುವ ತನಕ. ನಮ್ಮ ಕಡೆ ತೆನೆಗೆ ಹಾಲು ಬಂತೆಂದರೆ ಗುಬ್ಬಿ, ಗಿಳಿಗಳಿಗೆ ಹಬ್ಬ. ಹೊಲದ ನಡುವೆ ಕಂಬ ನೆಟ್ಟು ಅಟ್ಟ ಕಟ್ಟುತ್ತಾರೆ. ಮಕ್ಕಳು ಕವಣೆ ಹಿಡಿದು ಅದರ ಮೇಲೆ ನಿಂತು ಬೆಳಗಿನಿಂದ ಸಂಜೆವರೆಗೆ ಕೂಗಬೇಕು. ಹೀಗಾಗಿ ಒಂದು ಸೋಮವಾರ ಮಾಸ್ತರರು ಶಾಲೆಯ ಬಾಗಿಲು ತೆಗೆದು ನೋಡಿದರೆ ಒಳಗೆ ಅವರೂ ಅವರ ಕೊಡೆಯೂ ಮಾತ್ರ.

ನನ್ನನ್ನು ಹುಡುಕಿಕೊಂಡು ಹೊಲಕ್ಕೆ ಬಂದರು. ಅಟ್ಟದ ಕೆಳಗೆ ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಕಸ ಕೀಳುತ್ತಿದ್ದಳು. ಅವಳ ಎದುರು ಅಪ್ಪನೇ ಸೊಲ್ಲೆತ್ತುತ್ತಿರಲಿಲ್ಲ. ಹುಡುಗಿಯರಿಗೆ ಓದು ಬೇಡ ಎಂಬುದು ಅವಳ ಖಚಿತ ಅಭಿಪ್ರಾಯ. ಹನುಮಸಾಗರದ ನನ್ನ ಸೋದರಮಾವನ ಮನೆಗೆ ನನ್ನನ್ನು ಕಳಿಸಿ, ಎಮ್ಮೆ ಕರು ನೋಡಿಕೊಳ್ಳಲು ಬಿಟ್ಟು, ಮುಂದೆ ಅದೇ ಮನೆಗೆ ಸೊಸೆ ಮಾಡುವ ಲೆಕ್ಕ ಅವಳದು.

"ಈಕಿನ್ನ ಸಾಲಿಗೆ ಕಳಸ್ರಿ ಆಯಿ, ಛಲೋ ಕಲೀತಾಳ," ಎಂದರು ಮಾಸ್ತರರು.

"ಹಕ್ಕಿ ನೀವ್ ಕಾಯ್ತೀರೇನ್ರಿ ಮಾಸ್ತರ?" ಎಂದಳು ಆಯಿ, ತಲೆ ಎತ್ತದೆ.

"ಕಾಯೋಣಂತ್ರಿ," ಎಂದರು ಅವರು. ಕೊಡೆ ಕೆಳಗಿಟ್ಟು ಅಟ್ಟ ಹತ್ತಿ, ನನ್ನ ಕೈಯಿಂದ ಕವಣೆ ತೆಗೆದುಕೊಂಡು ಬೀಸಿದರು. ಕಲ್ಲು ಮುಂದಕ್ಕೆ ಹೋಗುವ ಬದಲು ಹಿಂದಕ್ಕೆ ಹೋಗಿ ಆಯಿಯ ಅಂಬಲಿ ಗಡಿಗೆಗೆ ಬಿತ್ತು. ಗುಬ್ಬಿಗಳು ಅಲ್ಲಾಡಲಿಲ್ಲ. ಆಯಿ ಮಾತ್ರ ಎದ್ದಳು. ಆಮೇಲೆ ಅವಳು ಏನೆಂದಳು ಎಂಬುದನ್ನು ಇಲ್ಲಿ ಹೇಳುವಂತಿಲ್ಲ.

ಕವಣೆ ಕೈಗೂಡದ ಮಾಸ್ತರರಿಗೆ ಅಟ್ಟದ ಮೇಲೆ ನಿಂತಾಗ ಒಂದು ಸಂಗತಿ ಹೊಳೆದಿತ್ತು. ನಮ್ಮ ಅಟ್ಟದಿಂದ ನೋಡಿದರೆ ಪಕ್ಕದ ಹೊಲದ ಅಟ್ಟ, ಅದರ ಮೇಲೆ ನನ್ನ ತರಗತಿಯ ಗಂಗಪ್ಪ. ಅವನ ಆಚೆ ಇನ್ನೊಬ್ಬಳು. ಹೇಗೂ ಎಲ್ಲರೂ ದಿನವಿಡೀ ಹೋ ಹಾ ಎಂದು ಕೂಗುವವರೇ. ಕೂಗುವುದನ್ನೇ ಮಗ್ಗಿ ಮಾಡಿದರೆ?

ಮರುದಿನದಿಂದ ನಮ್ಮ ಶಾಲೆ ಹೊಲಕ್ಕೆ ಬಂತು. ಮಾಸ್ತರರು ಕೊಡೆ ಬಿಚ್ಚಿ ಬದುವಿನ ಮೇಲೆ ಆ ತುದಿಯಿಂದ ಈ ತುದಿಗೆ ಓಡಾಡುವರು. ನಾನು ಕವಣೆ ಬೀಸುತ್ತಾ "ಏಳೊಂದ್ಲೆ ಏಳೂ, ಹೋ" ಎಂದು ಕೂಗಬೇಕು. ಆ ಕಡೆಯಿಂದ ಗಂಗಪ್ಪ "ಏಳೆರಡ್ಲೆ ಹದಿನಾಕೂ, ಹೋ" ಎನ್ನಬೇಕು. ಮತ್ತೆ ನಾನು, ಮತ್ತೆ ಅವನು. ಗುಬ್ಬಿಗಳಿಗೆ ಅಂಥ ಲೆಕ್ಕದ ಪೆಟ್ಟು ಹಿಂದೆಂದೂ ಬಿದ್ದಿರಲಿಲ್ಲ. ಯಾರೂ ಹೊಡೆಯುವವರಿಲ್ಲ, ಗಂಟಲು ಹರಿಯುವಷ್ಟು ಕೂಗಿದರೆ ಶಹಬ್ಬಾಸ್ ಬೇರೆ. ಕಲಿಯುವುದು ಖುಷಿಯ ಕೆಲಸ ಎಂದು ನನಗೆ ಗೊತ್ತಾದದ್ದೇ ಆ ಅಟ್ಟದ ಮೇಲೆ. ಆಯಿ ಕೆಳಗೆ ಜೋಳದ ಸಾಲಿನಲ್ಲಿ ಕೂತು, "ಏನ್ ಸಾಲಿನೋ ಏನೋ," ಎಂದು ಗೊಣಗುತ್ತಿದ್ದಳು. ಗಂಗಪ್ಪನ ದನಿ ಕೊಂಚ ತಡವಾದರೆ ಮಾತ್ರ, "ಆ ಕಡಿ ಯಾಕ ಸುಮ್ನಾಗೈತಿ? ಗುಬ್ಬಿ ಕುಂತಾವು ನೋಡು," ಎನ್ನುತ್ತಿದ್ದಳು.

ಇದರಲ್ಲಿ ಒಂದು ಐಬಿತ್ತು. ಅದು ಯಾರಿಗೂ ತಿಳಿಯಲಿಲ್ಲ. ಬದುವಿನ ಮೇಲಿದ್ದ ಮಾಸ್ತರರ ಕಿವಿಗೆ ಮಗ್ಗಿ ಪೂರ್ತಿಯಾಗಿಯೇ ಬೀಳುತ್ತಿತ್ತು. ಪೂರ್ತಿ ಇದ್ದದ್ದು ಗಾಳಿಯಲ್ಲಿ, ನಮ್ಮಿಬ್ಬರ ತಲೆಯಲ್ಲಿ ಅರ್ಧರ್ಧ.

ಸುಗ್ಗಿಗೆ ಮುಂಚೆಯೇ ತಾಲೀಮಾತಿನ ಸಾಹೇಬರು ಬರುತ್ತಾರೆಂದು ಸುದ್ದಿ ಬಂತು. ಶಾಲೆಗಳ ತನಿಖೆ ಮಾಡುವ ದೊಡ್ಡ ಅಧಿಕಾರಿ. ಅವರು ಪಾಸು ಮಾಡಿದರೆ ಮುಂದಿನ ತರಗತಿ, ಇಲ್ಲದಿದ್ದರೆ ಇಲ್ಲ. ಆಯಿ ಅಂದೇ ತೀರ್ಪು ಕೊಟ್ಟಳು. "ಪಾಸಾದ್ರ ಓದ್ಲಿ. ಇಲ್ಲಾಂದ್ರ ಮರುದಿನಾನ ಹನುಮಸಾಗರದ ಬಂಡಿ." ನಾನು ಹೆದರಲಿಲ್ಲ. ಏಳರ ಮಗ್ಗಿಯನ್ನು ಅರ್ಧ ಊರಿಗೆ ಕೇಳುವಂತೆ ಹೇಳುತ್ತಿದ್ದವಳು ನಾನು.

ಸಾಹೇಬರು ಬಂದರು. ಕರಿ ಶೇರವಾನಿ, ಬಿಳಿ ಗಡ್ಡ, ಮೃದು ಮಾತು. ಮಕ್ಕಳನ್ನು ಹೊಲಗಳಿಂದ ಕರೆಸಿದ್ದರು. ಗಂಗಪ್ಪನಿಗೆ ಚಳಿಜ್ವರ, ಅವನು ಬರಲಿಲ್ಲ. ಆಯಿ ನನ್ನ ಜೊತೆಗೇ ಬಂದು ಬಾಗಿಲ ಹೊರಗೆ ಸೆರಗು ಹೊದ್ದು ನಿಂತಳು, ಬಂಡಿ ಹೂಡಿಸಬೇಕೋ ಬೇಡವೋ ತಿಳಿಯಬೇಕಲ್ಲ.

"ಬೇಟಿ, ಏಳರ ಮಗ್ಗಿ ಹೇಳು," ಎಂದರು ಸಾಹೇಬರು.

ನಾನು ಎದೆ ತುಂಬ ಗಾಳಿ ಎಳೆದು, ಬಲಗೈ ತಲೆಯ ಮೇಲೆ ತಿರುಗಿಸಿ, "ಏಳೊಂದ್ಲೆ ಏಳೂ, ಹೋ" ಎಂದೆ. ಸಾಹೇಬರ ಕೈಯಲ್ಲಿದ್ದ ಚಹಾ ಬಸಿ ತುಳುಕಿತು. ಸಾಹೇಬರು ಕಾದರು. ನಾನೂ ಕಾದೆ. ಆ ಕಡೆಯಿಂದ ಉತ್ತರ ಬರಬೇಕಲ್ಲ!

"ಮುಂದೆ?" ಎಂದರು ಅವರು.

ಮುಂದಿನದು ನನ್ನದಲ್ಲ. ಎಷ್ಟು ತಡಕಿದರೂ ಆ ಜಾಗದಲ್ಲಿ ಬರೀ ಗಂಗಪ್ಪನ ದನಿಯಿತ್ತು, ಮಾತಿರಲಿಲ್ಲ. "ಏಳಮೂರ್ಲೆ ಇಪ್ಪತ್ತೊಂದು," ಎಂದೆ ಮೆಲ್ಲಗೆ. ಸಾಹೇಬರ ಹುಬ್ಬು ಏರಿತು. ಮಾಸ್ತರರಿಗೆ ತಪ್ಪು ಎಲ್ಲಿ ಆಯಿತೆಂದು ಆಗಲೇ ತಿಳಿದಿರಬೇಕು, ಅವರ ಮುಖ ಸುಣ್ಣ ಬಡಿದಂತಾಯಿತು. ನನಗೆ ಮಾವನ ಮನೆಯ ಎಮ್ಮೆಗಳು ಒಂದರ ಹಿಂದೊಂದು ಕಣ್ಣ ಮುಂದೆ ಬಂದವು.

ಆಗ ಬಾಗಿಲ ಹೊರಗಿನಿಂದ ಒಂದು ಗಡಸು ದನಿ ಎದ್ದಿತು. "ಏಳೆರಡ್ಲೆ ಹದಿನಾಕೂ, ಹೋ."

ಆಯಿ. ಸೆರಗು ಜಾರಿದ್ದೂ ಅವಳಿಗೆ ಗೊತ್ತಿರಲಿಲ್ಲ. ನಾನು ತಿರುಗಿಯೂ ನೋಡದೆ "ಏಳಮೂರ್ಲೆ ಇಪ್ಪತ್ತೊಂದೂ, ಹೋ" ಎಂದೆ. "ಏಳನಾಕ್ಲೆ ಇಪ್ಪತ್ತೆಂಟೂ, ಹೋ." ಚಾವಡಿಯ ಸೂರಿನ ಪಾರಿವಾಳಗಳೆಲ್ಲ ಎದ್ದು ಹೋದವು. ಎಪ್ಪತ್ತಕ್ಕೆ ಬಂದು ಮುಟ್ಟಿದ ಮೇಲೆಯೇ ಆಯಿಗೆ ತಾನು ಎಲ್ಲಿ ನಿಂತಿದ್ದೇನೆಂಬ ಎಚ್ಚರವಾದದ್ದು, ಆಗ ಸೆರಗು ಎಳೆದುಕೊಂಡಳು.

ಸಾಹೇಬರು ಮಾಸ್ತರರನ್ನು ನೋಡಿದರು. ಮಾಸ್ತರರು ಹೊಲದ ಶಾಲೆಯ ಕಥೆಯನ್ನು ಏನೂ ಮುಚ್ಚಿಡದೆ ಹೇಳಿ, "ತಪ್ಪು ನಂದ್ರಿ, ಹುಡುಗಿದಲ್ಲ," ಎಂದರು. ಸಾಹೇಬರು ಗಡ್ಡ ನೀವಿಕೊಂಡು, "ಈಗ ಇಬ್ಬರಾಗ ಯಾರನ್ನ ಪಾಸ್ ಮಾಡ್ಲಿ?" ಎಂದು ಆಯಿಯನ್ನೇ ಕೇಳಿದರು.

"ನನಗ್ಯಾಕ್ರಿ ಸಾಹೇಬ್ರ," ಎಂದಳು ಆಯಿ. "ಅಕಿಗೆ ಮಾಡ್ರಿ. ಉಳಿದರ್ಧ ನಾ ಮನ್ಯಾಗ ಕಲಸ್ತೀನ್ರಿ."

ಅವಳು ಆ ಮಾತು ಆಡಿದ್ದನ್ನು ನನ್ನ ಕಿವಿಯೇ ನಂಬಲಿಲ್ಲ. ಸಾಹೇಬರು ಚಾವಡಿಯಲ್ಲೇ ವಸ್ತಿ ಮಾಡಿದ್ದರು, ಬೆಳಗ್ಗೆ ಮತ್ತೆ ಕೇಳುತ್ತೇನೆಂದರು. ಆ ಸಂಜೆ ಆಯಿ ರೊಟ್ಟಿ ಬಡಿಯುತ್ತಾ ಒಂದೊಂದು ರೊಟ್ಟಿಗೆ ಒಂದೊಂದು ಸಾಲು ಹೇಳಿಕೊಟ್ಟಳು. ತಪ್ಪಿದರೆ ಆ ರೊಟ್ಟಿ ಕೈಗಿಲ್ಲ, ಸರಿಯಾದರೆ ಮೇಲೆ ಬೆಣ್ಣೆ. ಮರುದಿನ ಏಳೊಂದ್ಲೆಯಿಂದ ಏಳ್ಹತ್ಲೆಯವರೆಗೆ ಒಬ್ಬಳೇ ಹೇಳಿದೆ. ಬಂಡಿ ಹನುಮಸಾಗರಕ್ಕೆ ಹೋಗಲಿಲ್ಲ. ಬುಡನಸಾಬ ಮಾಸ್ತರರೂ ಪಾಠ ಕಲಿತರು. ಅಂದಿನಿಂದ ಒಂದು ದಿನ ನಾನು ಮೊದಲಾದರೆ ಮರುದಿನ ಗಂಗಪ್ಪ ಮೊದಲು.

ಮುಂದೆ ನಾನೇ ಶಾಲೆಯಲ್ಲಿ ಕಲಿಸುವವಳಾದೆ, ಕೊಪ್ಪಳದಲ್ಲೇ ನೌಕರಿ ಮುಗಿಸಿದೆ. ಹಾಜರಿಯ ಜೊತೆಗೆ "ಉಂಡು ಬಂದೀಯೇನು?" ಎಂದು ಕೇಳುವುದನ್ನು ಒಂದು ದಿನವೂ ಬಿಡಲಿಲ್ಲ. ಮಗ್ಗಿ ಪೂರ್ತಿ ಬರುತ್ತದೆ, ಆದರೂ ಏಳರದಕ್ಕೆ ಬಂದಾಗ ಮೊದಲ ಸಾಲು ಹೇಳಿ ನಾಲಿಗೆ ನಿಲ್ಲುತ್ತದೆ, ಆ ಕಡೆಯ ದನಿಗಾಗಿ. ಆಯಿ ಹೋಗಿ ಎಷ್ಟೋ ಕಾಲವಾಯಿತು ಎಂಬುದನ್ನು ಅದಕ್ಕೆ ಯಾರೂ ಹೇಳಿಲ್ಲ.

ಇಷ್ಟು ಹೇಳುವ ಹೊತ್ತಿಗೆ ಸೀತನಿ ಆರಿದೆ. ಆಯಿ ಅಂದು ಬಾಗಿಲಲ್ಲಿ ನಿಂತಾಗ ಅವಳಿಗೆ ಎಷ್ಟು ವಯಸ್ಸೋ, ಇಂದು ನನಗೂ ಹೆಚ್ಚುಕಡಿಮೆ ಅಷ್ಟೇ. ಒಂದು ಹಿಡಿ ಕಾಳು ತೆಗೆದುಕೊಂಡು, ಎದೆ ತುಂಬ ಗಾಳಿ ಎಳೆದು, ಅವಳ ಸಾಲನ್ನೇ ಕೂಗಿದೆ. "ಏಳೆರಡ್ಲೆ ಹದಿನಾಕೂ, ಹೋ."

ಸೊಸೆ ಹಿಟ್ಟಿನ ಕೈಯಲ್ಲೇ ಓಡಿಬಂದಳು. "ಅತ್ತೀ, ಯಾರ ಮ್ಯಾಲ ಒದರಾಕತ್ತೀರಿ?"

"ಯಾರ ಮ್ಯಾಲೂ ಅಲ್ಲ. ಮುಂದಿಂದು ನೀ ಹೇಳು," ಎಂದೆ.

ಅವಳು ನನ್ನನ್ನೊಮ್ಮೆ, ನನ್ನ ಮುಷ್ಟಿಯನ್ನೊಮ್ಮೆ ನೋಡಿದಳು. ಆಮೇಲೆ ನಗು ತಡೆದುಕೊಂಡು, ಬೀದಿಗೆ ಕೇಳುವಂತೆ, "ಏಳಮೂರ್ಲೆ ಇಪ್ಪತ್ತೊಂದು," ಎಂದಳು. ಅದು ನನ್ನ ಸಾಲು. ಅವಳಿಗೇ ಬಿಟ್ಟುಕೊಟ್ಟೆ.