ಜೆರ್ಸಿಯೊಳಗೊಂದು ಕುರಿಮರಿ

“ಕ್ಯಾರಿಯರ್ ಇಲ್ಲ, ಘಂಟಿ ಭೀ ಇಲ್ಲ. ಇದೆಂಥಾ ಸೈಕಲ್‌ರಿ ಸರ?”

ಝರಾಸಂಗಂ ಹತ್ತಿರದ ಕಲ್ಲು-ಮುರುಮಿನ ದಾರಿಯಲ್ಲಿ ಕೋಲು ಅಡ್ಡ ಹಿಡಿದು ನನ್ನನ್ನು ನಿಲ್ಲಿಸಿದ ಕುರಿ ಕಾಯುವ ಹೆಂಗಸು ಕೇಳಿದಳು. ಇದು ಗ್ರಾವೆಲ್ ಬೈಕ್, ಇಂಥ ದಾರಿಗೆಂದೇ ಮಾಡಿದ್ದು ಎಂದು ನಾನು ಭಾಷಣ ಶುರುಮಾಡಿದೆ. ಆಕೆಗೆ ಕೇಳುವ ಪುರುಸೊತ್ತಿರಲಿಲ್ಲ. ಅವಳ ಕುರಿಯೊಂದು ದಾರಿಯಲ್ಲೇ ಅವಳಿ ಮರಿ ಹಾಕಿತ್ತು. ಮಳೆ ಬರುವಂತಿತ್ತು. ಒಂದು ಮರಿ ಅವಳ ಕಂಕುಳಲ್ಲಿತ್ತು, ಇನ್ನೊಂದು ನೆಲದ ಮೇಲೆ ನಡುಗುತ್ತಿತ್ತು.

“ಇದು ನೆನೆದ್ರ ಉಳಿಯಂಗಿಲ್ರಿ. ಮುಂದ ಹಟ್ಟ್ಯಾಗ ನಮ್ಮತ್ತಿ ಅದಾಳ, ಒಯ್ದು ಕೊಡ್ರಿ” ಎಂದವಳೇ ಅದನ್ನು ನನ್ನ ಕೈಗಿಟ್ಟಳು.

ಬೇರೆ ದಾರಿ ಕಾಣದೆ ಮರಿಯನ್ನು ನನ್ನ ಬಿಗಿಯಾದ ಸೈಕ್ಲಿಂಗ್ ಜೆರ್ಸಿಯೊಳಗೆ ತುರುಕಿ ಜಿಪ್ ಏರಿಸಿದೆ. ತಾಯಿಕುರಿ ಬಾಯಿಗೆ ಬಂದಂತೆ ಬೈಯುವ ಹಾಗೆ ಅರಚುತ್ತ ಬೆನ್ನಟ್ಟಿತು. ಕಲ್ಲಿನ ಮೇಲೂ ಟೈರು ಜಾರಲಿಲ್ಲವೆಂದು ನಾನು ಬೀಗುತ್ತಿರುವಾಗಲೇ ಹೊಟ್ಟೆಯ ಮೇಲೆ ಬೆಚ್ಚಗೆ ಏನೋ ಹರಿಯಿತು.

ಹಟ್ಟಿಯಲ್ಲಿ ಅತ್ತೆ ಮರಿಯನ್ನು ಗೋಣಿಚೀಲದಿಂದ ಗಸಗಸ ತಿಕ್ಕಿದಳು. ಅದು ಸುಮ್ಮನೇ ಇತ್ತು. ಕೊನೆಗೊಮ್ಮೆ “ಬ್ಯಾ” ಎಂದಾಗ, ನಾನೇ ಹೆತ್ತವನಂತೆ ಕಣ್ಣು ಒರೆಸಿಕೊಂಡೆ. ಮುದುಕಿ ನನ್ನ ಹೊಟ್ಟೆ ನೋಡಿ ಬಿದ್ದು ಬಿದ್ದು ನಕ್ಕಳು.

ಆ ಮರಿ ಈಗ ಕೊಬ್ಬಿದ ಟಗರು. ಮೊನ್ನೆ ಅದೇ ದಾರಿಯಲ್ಲಿ ಸಿಕ್ಕಿ, ತಲೆ ತಗ್ಗಿಸಿ ನನ್ನ ಮೇಲೇ ನುಗ್ಗಿತು. ಗ್ರಾವೆಲ್ ಬೈಕ್ ಕೊಳ್ಳಬೇಕೇ ಎಂದು ಕೇಳುವ ಜಹೀರಾಬಾದಿನ ಗೆಳೆಯರಿಗೆ ನನ್ನ ಉತ್ತರ ಇಷ್ಟೇ: ಕೊಳ್ಳಿ, ಟಗರಿಗಿಂತ ಜೋರಾಗಿ ಓಡುತ್ತದೆ.